ಕಿರುರೈಲಿನ ಲೇಖಕರು

ಮಾದರಿ ರೈಲು ಕಟ್ಟುವ ಹವ್ಯಾಸವು ಹೊರಗಿನವರ ಕಣ್ಣಿಗೆ ಕೈಚಳಕ, ಸೂಕ್ಷ್ಮ ಉಪಕರಣ ಮತ್ತು ತಾಳ್ಮೆಗಳಷ್ಟೇ ಸಾಕಾಗುವ ಕೆಲಸವಾಗಿ ಕಾಣುತ್ತದೆ. ಆದರೆ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಅದು ಬೆಳೆದುಬಂದ ಬಗೆಯನ್ನು ಗಮನಿಸಿದವರಿಗೆ, ಕಟ್ಟುವ ಮೇಜಿನಷ್ಟೇ ಬರೆಯುವ ಮೇಜೂ ಅದನ್ನು ರೂಪಿಸಿದೆ ಎಂಬುದು ತಿಳಿದುಬರುತ್ತದೆ. ಸುಮಾರು ನೂರು ವರ್ಷಗಳಿಂದ ಅಲ್ಲಿನ ಹವ್ಯಾಸಿ ಪತ್ರಿಕೆಗಳ ಪುಟಗಳನ್ನು ತುಂಬುತ್ತ ಬಂದವರಲ್ಲಿ ಬಹುಪಾಲು ಜನರಿಗೆ ಬರವಣಿಗೆ ವೃತ್ತಿಯಾಗಿರಲಿಲ್ಲ. ಅವರು ಪಾದ್ರಿಗಳು, ಎಂಜಿನಿಯರುಗಳು, ಛಾಯಾಗ್ರಾಹಕರು, ಅಂಗಡಿ ಕಚೇರಿಗಳಲ್ಲಿ ದುಡಿದು ಸಂಜೆ ಮನೆಗೆ ಬಂದು ನೆಲಮಾಳಿಗೆಯಲ್ಲೋ ಅಟ್ಟದಲ್ಲೋ ಹಳಿ ಹಾಸುತ್ತಿದ್ದವರು. ಹಾಗೆ ಹಾಸುವಾಗ ಹೊಳೆದ ಉಪಾಯವನ್ನು ಚಿತ್ರ ಮತ್ತು ನಕ್ಷೆಗಳೊಡನೆ ಬರೆದು ಕಳುಹಿಸಿದವರು. ಒಬ್ಬರ ಮನೆಯ ಗುಟ್ಟು ಸಾವಿರಾರು ಮನೆಗಳ ಸಾಮಾನ್ಯ ತಿಳಿವಳಿಕೆಯಾದದ್ದು ಆ ಬರಹಗಳಿಂದ.

ಮುಂದಿನ ಮಾತುಗಳು ಅರ್ಥವಾಗಬೇಕಾದರೆ ಎರಡು ಪಾರಿಭಾಷಿಕ ಪದಗಳನ್ನು ಮೊದಲೇ ತಿಳಿದುಕೊಳ್ಳಬೇಕು. ನಿಜವಾದ ರೈಲನ್ನು ಎಷ್ಟು ಪಟ್ಟು ಚಿಕ್ಕದು ಮಾಡಲಾಗಿದೆ ಎಂಬುದನ್ನು ಹೇಳುವ ಅನುಪಾತಕ್ಕೆ ಸ್ಕೇಲ್ ಎಂದೂ, ಎರಡು ಕಂಬಿಗಳ ನಡುವಿನ ಅಂತರಕ್ಕೆ ಗೇಜ್ ಎಂದೂ ಹೆಸರು. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಚ್ಓ ಎಂಬ ಸ್ಕೇಲಿನ ಅನುಪಾತ 1:87. ಅಂದರೆ 87 ಅಡಿ ಉದ್ದದ ಬೋಗಿ ಇಲ್ಲಿ ಒಂದು ಅಡಿಯಾಗುತ್ತದೆ, ಮತ್ತು ಪಾಶ್ಚಾತ್ಯ ದೇಶಗಳ 1435 ಮಿ.ಮೀ. ಗೇಜಿನ ಹಳಿ 16.5 ಮಿ.ಮೀ.ಗೆ ಇಳಿಯುತ್ತದೆ. ಅದಕ್ಕಿಂತ ಚಿಕ್ಕದಾದ ಎನ್ ಸ್ಕೇಲಿನಲ್ಲಿ ಅನುಪಾತ 1:160, ಗೇಜ್ 9 ಮಿ.ಮೀ. ಹಳಿ, ನಿಲ್ದಾಣ, ಗುಡ್ಡ, ಸೇತುವೆ, ಊರು ಎಲ್ಲವನ್ನೂ ಸೇರಿಸಿ ಹಲಗೆಯ ಚೌಕಟ್ಟಿನ ಮೇಲೆ ಕಟ್ಟಿದ ಇಡೀ ರಚನೆಯನ್ನು ಹವ್ಯಾಸಿಗಳು ಲೇಔಟ್ ಎಂದು ಕರೆಯುತ್ತಾರೆ. ಒಂದು ಲೇಔಟನ್ನು ಕಟ್ಟಲು ಬಡಗಿಯ ಕೆಲಸ, ವಿದ್ಯುತ್ತಿನ ಕೆಲಸ, ಬಣ್ಣದ ಕೆಲಸ, ಗಾರೆಯ ಕೆಲಸ ಮತ್ತು ರೈಲ್ವೆಯ ಇತಿಹಾಸದ ಅರಿವು ಇಷ್ಟೂ ಬೇಕಾಗುತ್ತದೆ. ಇವೆಲ್ಲವೂ ಒಬ್ಬನೇ ಮನುಷ್ಯನಿಗೆ ಮೊದಲೇ ಗೊತ್ತಿರುವುದು ತೀರ ಅಪರೂಪವಾದ್ದರಿಂದ, ಬಲ್ಲವರು ಬರೆಯುವ ಮತ್ತು ಅರಿಯದವರು ಓದುವ ಅಗತ್ಯ ಈ ಹವ್ಯಾಸದ ಸ್ವರೂಪದಲ್ಲಿಯೇ ಅಡಗಿದೆ.

ಬ್ರಿಟನ್ನಿನಲ್ಲಿ ಮಾದರಿ ತಯಾರಕ ಬ್ಯಾಸೆಟ್-ಲೋಕ್ ಮತ್ತು ಎಂಜಿನಿಯರ್ ಹೆನ್ರಿ ಗ್ರೀನ್ಲಿ ಸೇರಿ 1909ರಲ್ಲಿಯೇ ಇಂಥ ಹವ್ಯಾಸಿಗಳಿಗಾಗಿ ಒಂದು ಪತ್ರಿಕೆಯನ್ನು ಹೊರತಂದಿದ್ದರು. 1925ರಲ್ಲಿ ಪರ್ಸಿವಲ್ ಮಾರ್ಷಲ್ ಅವರ ಪ್ರಕಾಶನದಿಂದ ‘ಮಾಡೆಲ್ ರೈಲ್ವೆ ನ್ಯೂಸ್’ ಹೊರಬಂತು. ಅಮೆರಿಕದಲ್ಲಿ ಆರ್ಥಿಕ ಮಹಾಕುಸಿತದ ನಡುವೆ, 1933ರಲ್ಲಿ ‘ದಿ ಮಾಡೆಲ್ ಕ್ರಾಫ್ಟ್ಸ್‌ಮನ್’ ಎಂಬ ಪತ್ರಿಕೆ ಆರಂಭವಾಯಿತು. ಮೊದಮೊದಲು ಬೇರೆ ಬಗೆಯ ಮಾದರಿಗಳಿಗೂ ಜಾಗ ಕೊಡುತ್ತಿದ್ದ ಅದು ಮುಂದೆ ‘ರೈಲ್‌ರೋಡ್ ಮಾಡೆಲ್ ಕ್ರಾಫ್ಟ್ಸ್‌ಮನ್’ ಎಂಬ ಹೆಸರಿನಿಂದ ರೈಲಿಗೇ ಮೀಸಲಾಯಿತು. ಮರುವರ್ಷ, 1934ರ ಜನವರಿಯಲ್ಲಿ, ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದ ಮುದ್ರಕ ಆಲ್ ಕಾಲ್ಮ್‌ಬಾಕ್ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯ ಮೊದಲ ಸಂಚಿಕೆಯನ್ನು ಹೊರತಂದರು. ಜನರ ಕೈಯಲ್ಲಿ ಹಣವಿಲ್ಲದ ಕಾಲದಲ್ಲಿ ಹವ್ಯಾಸದ ಪತ್ರಿಕೆಯೊಂದು ಉಳಿದುಕೊಂಡದ್ದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಆಗ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತಿದ್ದ ಸಾಮಗ್ರಿಯೇ ಕಡಿಮೆ, ಸಿಕ್ಕರೂ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ, ಆದ್ದರಿಂದ ರಟ್ಟು, ಮರದ ಚೂರು ಮತ್ತು ತಗಡಿನಿಂದ ಡಬ್ಬಿ ಕಟ್ಟುವುದು ಹೇಗೆಂದು ಹೇಳಿಕೊಡುವ ಬರಹಕ್ಕೆ ಬೆಲೆ ಇತ್ತು.

ಆ ಕಾಲದ ಇನ್ನೊಂದು ತೊಡಕೆಂದರೆ ಅಳತೆಗಳ ಗೊಂದಲ. ಒಬ್ಬ ತಯಾರಕನ ಗಾಲಿ ಇನ್ನೊಬ್ಬನ ಹಳಿಯ ಮೇಲೆ ಓಡುತ್ತಿರಲಿಲ್ಲ, ಒಬ್ಬನ ಡಬ್ಬಿಯ ಕೊಂಡಿ ಇನ್ನೊಬ್ಬನ ಡಬ್ಬಿಗೆ ಕೂಡುತ್ತಿರಲಿಲ್ಲ. 1935ರಲ್ಲಿ ಮಿಲ್ವಾಕಿಯಲ್ಲಿಯೇ ಸೇರಿದ ಹವ್ಯಾಸಿಗಳು ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿ, ಗಾಲಿಯ ಅಂಚು ಎಷ್ಟು ದಪ್ಪವಿರಬೇಕು, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಪಾಯಿಂಟ್ಸ್‌ನಲ್ಲಿ ಎಷ್ಟು ಸಂದು ಬಿಡಬೇಕು ಎಂಬ ಮಾನಕಗಳನ್ನು ಕ್ರಮೇಣ ನಿಗದಿ ಮಾಡಿದರು.

ಈ ಪತ್ರಿಕೆಗಳಲ್ಲಿ ಬಂದ ಎಲ್ಲ ಬರಹಗಳೂ ಒಂದೇ ತೂಕದವಲ್ಲ. ಬಹಳಷ್ಟು ಲೇಖನಗಳು ಒಂದು ಡಬ್ಬಿಗೆ ಬಣ್ಣ ಬಳಿಯುವ ರೀತಿಯನ್ನು ಹೇಳಿ ಮುಗಿಯುತ್ತವೆ, ಹಾಗೆ ಮುಗಿಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆಲವು ಲೇಖನಗಳು ಹವ್ಯಾಸದ ಕಲ್ಪನೆಯನ್ನೇ ಬದಲಾಯಿಸಿದವು. ನ್ಯೂ ಆರ್ಲಿಯನ್ಸ್‌ನ ಫ್ರಾಂಕ್ ಎಲಿಸನ್ 1944ರಲ್ಲಿ ‘ಮಾಡೆಲ್ ರೈಲ್‌ರೋಡರ್’ನಲ್ಲಿ ಬರೆದ ಲೇಖನಮಾಲೆ ಅಂಥದು. ಡೆಲ್ಟಾ ಲೈನ್ಸ್ ಎಂಬ ತಮ್ಮ ಲೇಔಟನ್ನು ಮುಂದಿಟ್ಟುಕೊಂಡು ಅವರು ಮಾದರಿ ರೈಲುಮಾರ್ಗವನ್ನು ರಂಗಭೂಮಿಗೆ ಹೋಲಿಸಿದರು: ಗುಡ್ಡ ಊರುಗಳು ರಂಗಸಜ್ಜಿಕೆ, ರೈಲುಗಳು ಪಾತ್ರಧಾರಿಗಳು, ವೇಳಾಪಟ್ಟಿಯೇ ನಾಟಕದ ಕಥೆ. ಅದುವರೆಗೆ ರೈಲನ್ನು ಸುತ್ತು ಹೊಡೆಸಿ ನೋಡಿ ಸಂತೋಷಪಡುತ್ತಿದ್ದ ಓದುಗರಿಗೆ, ಪ್ರತಿ ಡಬ್ಬಿಗೂ ಹೊರಟ ಊರು, ತಲುಪುವ ಊರು ಮತ್ತು ಹೊತ್ತ ಸರಕು ಇರಬೇಕೆಂಬ ಅರಿವು ಹುಟ್ಟಿದ್ದು ಮುಖ್ಯವಾಗಿ ಈ ಮಾಲೆಯಿಂದ. ಇದೇ ದಾರಿಯನ್ನು ಶಾಸ್ತ್ರೀಯವಾಗಿ ಬೆಳೆಸಿದವರು ಜಾನ್ ಆರ್ಮ್‌ಸ್ಟ್ರಾಂಗ್. ವೃತ್ತಿಯಿಂದ ಎಂಜಿನಿಯರಾಗಿದ್ದ ಅವರು, ಕೋಣೆಯ ನಕ್ಷೆಯನ್ನು ತಿರುವಿನ ತ್ರಿಜ್ಯಕ್ಕೆ ಹೊಂದುವ ಚೌಕಗಳಾಗಿ ವಿಂಗಡಿಸಿ, ಇಷ್ಟು ಜಾಗದಲ್ಲಿ ಎಷ್ಟು ಹಳಿ ಹಿಡಿಸುತ್ತದೆ ಎಂದು ಪೆನ್ಸಿಲ್ ಹಿಡಿಯುವ ಮೊದಲೇ ಲೆಕ್ಕ ಹಾಕುವ ವಿಧಾನವನ್ನು ತೋರಿಸಿಕೊಟ್ಟರು. ಬದಲಾಯಿಸಲಾಗದ ಸಂಗತಿಗಳನ್ನು ಒಂದು ಪಟ್ಟಿಯಲ್ಲೂ ಮನಸ್ಸಿನ ಆಸೆಗಳನ್ನು ಇನ್ನೊಂದು ಪಟ್ಟಿಯಲ್ಲೂ ಬರೆದು, ಎರಡನ್ನೂ ಎದುರುಬದುರು ಇಟ್ಟುಕೊಂಡು ಯೋಜನೆ ಮಾಡುವ ಅವರ ಪದ್ಧತಿಯನ್ನು ಇಂದಿಗೂ ಲೇಔಟ್ ವಿನ್ಯಾಸಕಾರರು ಅನುಸರಿಸುತ್ತಾರೆ. 1963ರಲ್ಲಿ ಬಂದ ಅವರ ಪುಸ್ತಕದ ಹಿಂದೆ ಪತ್ರಿಕಾ ಲೇಖನಗಳ ದೀರ್ಘ ಅಭ್ಯಾಸವಿತ್ತು.

ಬರಹ ಮತ್ತು ಚಿತ್ರಗಳು ಹವ್ಯಾಸಕ್ಕೆ ಎಷ್ಟು ದೊಡ್ಡ ಆಸ್ತಿ ಎಂಬುದನ್ನು ಕ್ಯಾಲಿಫೋರ್ನಿಯಾದ ಜಾನ್ ಅಲನ್ ಅವರ ಕಥೆಯಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳುವುದಿಲ್ಲ. ವೃತ್ತಿಯಿಂದ ಛಾಯಾಗ್ರಾಹಕರಾಗಿದ್ದ ಅಲನ್, ಮಾಂಟೆರೆ ಪಟ್ಟಣದ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಗೋರಿ ಅಂಡ್ ಡಿಫೀಟೆಡ್ ಎಂಬ ಕಾಲ್ಪನಿಕ ರೈಲುಮಾರ್ಗವನ್ನು ಎಚ್ಓ ಸ್ಕೇಲಿನಲ್ಲಿ ಕಟ್ಟಿದರು. ನೆಲದಿಂದ ಮಾಡಿನವರೆಗೆ ಎದ್ದುನಿಂತ ಪರ್ವತಗಳು, ಕಂದರಗಳ ಮೇಲೆ ತೂಗುವ ಸೇತುವೆಗಳು, ಜಾಗವನ್ನು ಇಮ್ಮಡಿಯಾಗಿ ತೋರಿಸಲು ಉಪಾಯವಾಗಿ ಇಟ್ಟ ಕನ್ನಡಿಗಳು ಅದರ ವೈಶಿಷ್ಟ್ಯಗಳಾಗಿದ್ದವು. ಅಂದಿನ ಮಾದರಿಗಳು ಕಾರ್ಖಾನೆಯಿಂದ ಆಗತಾನೆ ಹೊರಬಂದಂತೆ ಮಿರಮಿರನೆ ಹೊಳೆಯುತ್ತಿದ್ದಾಗ, ಅಲನ್ ತಮ್ಮ ಎಂಜಿನ್ನುಗಳಿಗೆ ಮಸಿ ಬಳಿದರು, ಡಬ್ಬಿಗಳಿಗೆ ತುಕ್ಕಿನ ಬಣ್ಣ ಹಚ್ಚಿದರು, ಕಟ್ಟಡಗಳ ಮಾಡನ್ನು ಮಳೆಗಾಳಿಗೆ ಸವೆದಂತೆ ಮಾಡಿದರು. ವೆದರಿಂಗ್ ಎಂದು ಕರೆಯಲಾಗುವ ಈ ಕಲೆ ಇಂದು ಹವ್ಯಾಸದ ಮೂಲಪಾಠಗಳಲ್ಲಿ ಒಂದಾಗಿರುವುದಕ್ಕೆ ಅವರ ಚಿತ್ರಲೇಖನಗಳೇ ಬಹುಮಟ್ಟಿಗೆ ಕಾರಣ. ಎಂಜಿನ್ನಿನ ಬದಲು ಡಬ್ಬಿಗಳನ್ನು ಎಳೆಯುವ ಒಂದು ಡೈನೋಸಾರ್ ಕೂಡ ಆ ಮಾರ್ಗದಲ್ಲಿತ್ತು ಎಂಬುದು ಅಲ್ಲಿನ ಕಲ್ಪನೆಯ ಸ್ವಾತಂತ್ರ್ಯಕ್ಕೆ ಸಾಕ್ಷಿ. ವಾರ್ನಿ ಎಂಬ ಮಾದರಿ ತಯಾರಕರ ಜಾಹೀರಾತುಗಳಲ್ಲಿಯೂ ಅಲನ್ ತೆಗೆದ ಚಿತ್ರಗಳೇ ಕಾಣಿಸಿಕೊಳ್ಳುತ್ತಿದ್ದುದರಿಂದ ಆ ಪರ್ವತಗಳನ್ನು ಕಣ್ಣಾರೆ ಕಾಣದ ಓದುಗರಿಗೂ ಅವು ಪರಿಚಿತ ಭೂದೃಶ್ಯವಾಗಿದ್ದವು. 1973ರ ಜನವರಿಯಲ್ಲಿ ಅಲನ್ ತೀರಿಕೊಂಡರು. ಅದಾದ ಹತ್ತು ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ಇಡೀ ಲೇಔಟ್ ಸುಟ್ಟುಹೋಯಿತು. ಇಂದು ಗೋರಿ ಅಂಡ್ ಡಿಫೀಟೆಡ್ ಬಗ್ಗೆ ತಿಳಿದಿರುವುದೆಲ್ಲ ಪತ್ರಿಕೆಗಳ ಲೇಖನಗಳು, ಚಿತ್ರಗಳು ಮತ್ತು ಅವುಗಳ ಆಧಾರದಿಂದ 1981ರಲ್ಲಿ ಬಂದ ಒಂದು ಪುಸ್ತಕದಿಂದ. ಅಲನ್ ಬರೆಯದೆ, ಚಿತ್ರ ತೆಗೆಯದೆ ಇದ್ದಿದ್ದರೆ ಆ ದಶಕಗಳ ಶ್ರಮ ಕೆಲವೇ ಗೆಳೆಯರ ನೆನಪಿನಲ್ಲಿ ಉಳಿದು, ಅವರೊಂದಿಗೆ ಅಳಿದುಹೋಗುತ್ತಿತ್ತು.

ಆ ಪುಸ್ತಕವನ್ನು ಬರೆದ ಲಿನ್ ವೆಸ್ಟ್‌ಕಾಟ್ 1961ರಿಂದ 1977ರವರೆಗೆ ‘ಮಾಡೆಲ್ ರೈಲ್‌ರೋಡರ್’ನ ಸಂಪಾದಕರಾಗಿದ್ದವರು. ಲೇಖನಗಳನ್ನು ತಿದ್ದುವುದರ ಜೊತೆಗೆ ಅವರು ತಾವೇ ಪ್ರಯೋಗ ಮಾಡಿ ಬರೆದರು. ಎರಡು ಮರದ ಪಟ್ಟಿಗಳನ್ನು ಇಂಗ್ಲಿಷಿನ ಎಲ್ ಅಕ್ಷರದ ಆಕಾರಕ್ಕೆ ಅಂಟಿಸಿ ತೊಲೆ ಮಾಡಿ, ಅದರ ಮೇಲಿನ ಅಡ್ಡಪಟ್ಟಿಗಳಿಗೆ ಕೆಳಗಿನಿಂದ ಸ್ಕ್ರೂ ಹಾಕುವ ಅವರ ವಿಧಾನ 1960ರ ದಶಕದಲ್ಲಿ ಪ್ರಕಟವಾಯಿತು. ಸ್ಕ್ರೂ ಕೆಳಗಿರುವುದರಿಂದ ಮೇಲೆ ಗುಡ್ಡ, ಹಳಿಗಳನ್ನು ಕಟ್ಟಿದ ಮೇಲೂ ಅಡ್ಡಪಟ್ಟಿಯನ್ನು ಸರಿಸಬಹುದು. ಮರಗೆಲಸದಲ್ಲಿ ಪಳಗದವನೂ ಗಟ್ಟಿಯಾದ ಚೌಕಟ್ಟು ಕಟ್ಟಬಹುದು. ಒಂದು ಪತ್ರಿಕಾ ಲೇಖನ ಇಷ್ಟೊಂದು ಮನೆಗಳ ಬಡಗಿತನವನ್ನು ಬದಲಾಯಿಸಿದ ಉದಾಹರಣೆ ಬೇರೆ ಹವ್ಯಾಸಗಳಲ್ಲಿ ಸುಲಭವಾಗಿ ಸಿಗಲಾರದು.

ಬ್ರಿಟನ್ನಿನ ದಾರಿ ಸ್ವಲ್ಪ ಬೇರೆ, ಏಕೆಂದರೆ ಅಲ್ಲಿನ ಮನೆಗಳಲ್ಲಿ ಅಮೆರಿಕದಷ್ಟು ದೊಡ್ಡ ನೆಲಮಾಳಿಗೆಗಳಿಲ್ಲ. ಜಾನ್ ಅಹರ್ನ್ ತಮ್ಮ ಮ್ಯಾಡರ್ ವ್ಯಾಲಿ ರೈಲ್ವೆಯ ಬಗ್ಗೆ ‘ಮಾಡೆಲ್ ರೈಲ್ವೆ ನ್ಯೂಸ್’ನಲ್ಲಿ ಬರೆಯತೊಡಗಿದಾಗ, ಹಳಿಯ ಜೊತೆಗೆ ಹಳ್ಳಿ, ಹೊಳೆ, ಗುಡಿಸಲು, ಗಿಡಮರಗಳನ್ನೂ ಅಷ್ಟೇ ಶ್ರದ್ಧೆಯಿಂದ ಕಟ್ಟಬಹುದೆಂಬುದು ಅಲ್ಲಿನ ಓದುಗರಿಗೆ ಮನದಟ್ಟಾಯಿತು. ಆ ಲೇಔಟ್ ಈಗ ಆಕ್ಸ್‌ಫರ್ಡ್‌ಷೈರ್‌ನ ಲಾಂಗ್ ವಿಟೆನ್‌ಹ್ಯಾಮ್‌ನಲ್ಲಿರುವ ಪೆಂಡನ್ ಸಂಗ್ರಹಾಲಯದಲ್ಲಿ ಉಳಿದಿದೆ. ಪಾದ್ರಿಯಾಗಿದ್ದ ಪೀಟರ್ ಡೆನ್ನಿ ಬಕಿಂಗ್‌ಹ್ಯಾಮ್ ಎಂಬ ತಮ್ಮ ಮಾರ್ಗವನ್ನು ದಶಕಗಳ ಕಾಲ ಕಟ್ಟುತ್ತ, ಬದಲಾಯಿಸುತ್ತ, ಪ್ರತಿ ಹಂತವನ್ನೂ ಓದುಗರಿಗೆ ವರದಿ ಮಾಡುತ್ತ ಬಂದರು. ಎದುರು ನಿಲ್ದಾಣವನ್ನು ನಡೆಸುತ್ತಿದ್ದ ಮಗ ಕ್ರಿಸ್ಪಿನ್ ಇಲ್ಲದಾಗ ಅವನ ಕೆಲಸವನ್ನು ಮಾಡುವ ಒಂದು ಸ್ವಯಂಚಾಲಿತ ಯಂತ್ರವನ್ನೂ ರಚಿಸಿ, ಅದಕ್ಕೆ ಮಗನ ಹೆಸರನ್ನೇ ಇಟ್ಟರು. ‘ಥಾಮಸ್’ ಎಂಬ ಎಂಜಿನ್ನಿನ ಕಥೆಗಳಿಂದ ಮಕ್ಕಳಿಗೆ ಪರಿಚಿತರಾದ ಪಾದ್ರಿ ಆಡ್ರಿ ಅವರೂ ತಮ್ಮ ಮಾದರಿ ಮಾರ್ಗದ ಬಗ್ಗೆ ಇಂಥ ಪತ್ರಿಕೆಯಲ್ಲಿ ಬರೆದವರೇ.

1949ರಲ್ಲಿ ಆರಂಭವಾದ ‘ರೈಲ್ವೆ ಮಾಡೆಲರ್’ ಪತ್ರಿಕೆಯನ್ನು ಹಳಿ ತಯಾರಿಸುವ ಪೀಕೋ ಸಂಸ್ಥೆ ಕೊಂಡುಕೊಂಡಿತು. ಸಿರಿಲ್ ಫ್ರೀಜರ್ 1950ರಿಂದ 1978ರವರೆಗೆ ಅದರ ಸಂಪಾದಕರಾಗಿದ್ದರು. ಇಕ್ಕಟ್ಟಿನ ಕೋಣೆಗಳಲ್ಲಿ ವಾಸಿಸುವ ಓದುಗರಿಗಾಗಿ ಸಣ್ಣ ನಕ್ಷೆಗಳನ್ನು ರಚಿಸುವುದು ಅವರ ವಿಶೇಷ ಪ್ರತಿಭೆಯಾಗಿತ್ತು. 1957ರಲ್ಲಿ ಪ್ರಕಟವಾದ ಮೈನರೀಸ್ ಎಂಬ ಅವರ ನಕ್ಷೆ ಸುಮಾರು ಏಳು ಅಡಿ ಉದ್ದದ, ಒಂದು ಅಡಿ ಅಗಲದ ಹಲಗೆಯ ಮೇಲೆ ಗಿಜಿಗುಡುವ ನಗರ ನಿಲ್ದಾಣವನ್ನು ಕೂಡಿಸುತ್ತದೆ, ಮತ್ತು ಪಾಯಿಂಟ್ಸ್‌ಗಳ ಜಾಣತನದ ಜೋಡಣೆಯಿಂದಾಗಿ ಉದ್ದದ ಬೋಗಿಗಳೂ ಅಂಕುಡೊಂಕಿಲ್ಲದೆ ಒಳಬರುತ್ತವೆ. ಇದಕ್ಕಿಂತ ಚಿಕ್ಕದಾದ, ಅಲನ್ ರೈಟ್ ರೂಪಿಸಿದ ಇಂಗಲ್‌ನುಕ್ ವಿನ್ಯಾಸದಲ್ಲಿರುವುದು ಕೇವಲ ಎರಡು ಪಾಯಿಂಟ್ಸ್, ಸೈಡಿಂಗ್ ಎಂದು ಕರೆಯುವ ಮೂರು ಪಕ್ಕದ ಹಳಿ ಮತ್ತು ಎಂಟು ಗೂಡ್ಸ್ ಡಬ್ಬಿ. ಒಂದು ಸೈಡಿಂಗಿನಲ್ಲಿ ಐದು ಡಬ್ಬಿ, ಉಳಿದ ಎರಡರಲ್ಲಿ ತಲಾ ಮೂರು ಡಬ್ಬಿಗಳಿಗೆ ಜಾಗ. ಎಂಟು ಡಬ್ಬಿಗಳಲ್ಲಿ ಚೀಟಿ ಎತ್ತಿದ ಐದನ್ನು ಅದೇ ಅನುಕ್ರಮದಲ್ಲಿ ಜೋಡಿಸುವುದು ಆಟದ ನಿಯಮ. ಹೀಗೆ ಬರಬಹುದಾದ ಅನುಕ್ರಮಗಳ ಸಂಖ್ಯೆ 6,720. ಪುಸ್ತಕದ ಕಪಾಟಿನ ಅಗಲದ ಹಲಗೆಯೊಂದು ಇಷ್ಟು ವೈವಿಧ್ಯವನ್ನು ಕೊಡಬಲ್ಲದೆಂಬ ಸಂಗತಿ ಒಂದು ಪುಟದ ನಕ್ಷೆಯಾಗಿ ದೇಶದೇಶಗಳಿಗೆ ಹರಡಿತು.

ಪ್ರಸಿದ್ಧ ಲೇಔಟ್ ಇಲ್ಲದವರೂ ಲೇಖಕರಾಗಬಹುದೆಂಬುದಕ್ಕೆ ಅಮೆರಿಕದ ಇ. ಎಲ್. ಮೂರ್ ದೊಡ್ಡ ನಿದರ್ಶನ. 1950ರ ದಶಕದ ನಡುವಿನಿಂದ 1979ರಲ್ಲಿ ತೀರಿಕೊಳ್ಳುವವರೆಗೆ ಅವರು ಬಾಲ್ಸಾ ಮರ, ರಟ್ಟು, ಕಾಗದಗಳಿಂದ ಹಳೆಯ ಗಿರಣಿ, ಅಂಗಡಿ, ಉಗ್ರಾಣಗಳನ್ನು ಅತ್ಯಲ್ಪ ಖರ್ಚಿನಲ್ಲಿ ಕಟ್ಟಿ, ಕಟ್ಟುವ ಕ್ರಮವನ್ನು ನೂರಕ್ಕೂ ಹೆಚ್ಚು ಲೇಖನಗಳಲ್ಲಿ ವಿವರಿಸಿದರು. ಆ ಲೇಖನಗಳನ್ನು ಹಿಡಿದು ಮೊದಲ ಕಟ್ಟಡ ಕಟ್ಟಿದ ಹುಡುಗರೆಷ್ಟೋ. ಇನ್ನೊಂದು ಕಡೆ, ಓಹಾಯೋ ರಾಜ್ಯದ ಅಲೆನ್ ಮೆಕ್‌ಕ್ಲೆಲಂಡ್ ತಮ್ಮ ವರ್ಜೀನಿಯನ್ ಅಂಡ್ ಓಹಾಯೋ ಎಂಬ ಕಾಲ್ಪನಿಕ ಮಾರ್ಗವನ್ನು ನಿಜವಾದ ಭೂಪಟದೊಳಗೆ ಸೇರಿಸಿ, ಅಲ್ಲಿನ ರೈಲುಗಳು ಕೋಣೆಯ ಗೋಡೆಯಾಚೆಗಿನ ದೇಶದಿಂದ ಬಂದು ದೇಶಕ್ಕೆ ಹೋಗುತ್ತವೆ ಎಂಬ ಭಾವನೆಯನ್ನು ಬರಹದಲ್ಲಿ ಕಟ್ಟಿಕೊಟ್ಟರು. ‘ರೈಲ್‌ರೋಡ್ ಮಾಡೆಲ್ ಕ್ರಾಫ್ಟ್ಸ್‌ಮನ್’ನ ಸಂಪಾದಕರಾಗಿದ್ದ ಟೋನಿ ಕೋಸ್ಟರ್ ಅದರ ನೆರೆಯಲ್ಲಿ ಇನ್ನೊಂದು ಕಾಲ್ಪನಿಕ ಮಾರ್ಗವನ್ನು ಕಟ್ಟಿದರು, ಬೇರೆ ಬೇರೆ ರಾಜ್ಯಗಳ ಎರಡು ಮನೆಗಳ ರೈಲುಗಳು ಪತ್ರಿಕೆಯ ಪುಟಗಳಲ್ಲಿ ಒಂದೇ ಸೀಮೆಯ ಸಂಚಾರವಾದವು.

ಇಂಥ ಪತ್ರಿಕೆಗಳಿಗೆ ಬರೆಯಲು ಹೊರಟ ಹೊಸ ಲೇಖಕರು ಎಡವುವುದು ಸಾಮಾನ್ಯವಾಗಿ ವಿಷಯದ ಆಯ್ಕೆಯಲ್ಲಿ. ಕಟ್ಟಿದ್ದೆಲ್ಲವನ್ನೂ ಒಂದೇ ಲೇಖನದಲ್ಲಿ ಹೇಳುವ ಉತ್ಸಾಹ ಸಹಜವಾದರೂ, ಸಂಪಾದಕರಿಗೆ ಬೇಕಾಗಿರುವುದು ಒಂದು ಸಮಸ್ಯೆ ಮತ್ತು ಅದರ ಪರಿಹಾರ: ಮಳೆನೀರು ನಿಂತ ಕೆರೆಯಂಚನ್ನು ತೋರಿಸುವುದು ಹೇಗೆ, ಹಳೆಯ ಸರಕು ಡಬ್ಬಿಯ ಬಾಗಿಲನ್ನು ತೆರೆದುಮುಚ್ಚುವಂತೆ ಮಾಡುವುದು ಹೇಗೆ, ಒಂದೇ ಕೋಣೆಯಲ್ಲಿ ಮಲಗುವ ಮಂಚವನ್ನೂ ರೈಲುಮಾರ್ಗವನ್ನೂ ಹೊಂದಿಸುವುದು ಹೇಗೆ. ಓದುಗನು ಲೇಖನವನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡು ಕೆಲಸ ಮಾಡುತ್ತಾನೆಂಬುದನ್ನು ಲೇಖಕನು ಮರೆಯಬಾರದು. ಯಾವ ಅಂಟು, ಎಷ್ಟು ದಪ್ಪದ ಹಾಳೆ, ಒಣಗಲು ಎಷ್ಟು ಹೊತ್ತು, ಯಾವ ಬಣ್ಣದ ಮೇಲೆ ಯಾವ ಬಣ್ಣ ಎಂಬ ವಿವರಗಳಲ್ಲಿ ಒಂದು ತಪ್ಪಿದರೂ ಇನ್ನೊಬ್ಬರ ಸಂಜೆ ಹಾಳಾಗುತ್ತದೆ. ಬೇಕಾದ ಸಾಮಗ್ರಿಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಕೊಡುವುದು ವಾಡಿಕೆ. ಮಾದರಿಗೆ ಆಧಾರವಾದ ನಿಜವಾದ ರೈಲು, ಸೇತುವೆ ಅಥವಾ ಕಟ್ಟಡಕ್ಕೆ ಪ್ರೋಟೋಟೈಪ್ ಎಂದು ಹೆಸರು; ಅದರ ಕಾಲ, ಬಳಕೆ ಮತ್ತು ಇತಿಹಾಸವನ್ನು ಒಂದೆರಡು ಪ್ಯಾರಾಗಳಲ್ಲಿ ಹೇಳಿದರೆ ಲೇಖನಕ್ಕೆ ತೂಕ ಬರುತ್ತದೆ. ಭಾಷೆ ಸರಳವಾಗಿದ್ದರೆ ಸಾಕು. ವ್ಯಾಕರಣವನ್ನು ಸಂಪಾದಕರು ತಿದ್ದಿಕೊಳ್ಳುತ್ತಾರೆ, ಮಾಡಿನೋಡದ ಕೆಲಸವನ್ನು ತಿದ್ದಲು ಅವರಿಗೂ ಸಾಧ್ಯವಿಲ್ಲ.

ಚಿತ್ರಗಳ ವಿಷಯ ಇನ್ನೂ ಕಠಿಣ, ಮತ್ತು ಒಳ್ಳೆಯ ಲೇಖನಗಳು ತಿರಸ್ಕೃತವಾಗುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಕ್ಯಾಮೆರಾವನ್ನು ಚಿಕ್ಕ ವಸ್ತುವಿನ ಹತ್ತಿರಕ್ಕೆ ಒಯ್ದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ: ಎಂಜಿನ್ನಿನ ಮೂತಿ ಸ್ಪಷ್ಟವಾದರೆ ಹಿಂದಿನ ಡಬ್ಬಿ ಮಸುಕಾಗಿ, ಅದು ಆಟಿಕೆಯೆಂಬುದು ತಕ್ಷಣ ಬಯಲಾಗುತ್ತದೆ. ಹಿಂದಿನ ತಲೆಮಾರಿನವರು ಮಸೂರದ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಆದಷ್ಟು ಕಿರಿದು ಮಾಡಿ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ ದೀರ್ಘ ಸಮಯದ ಚಿತ್ರ ತೆಗೆಯುತ್ತಿದ್ದರು. ಈಗ ಒಂದೇ ದೃಶ್ಯವನ್ನು ಬೇರೆ ಬೇರೆ ದೂರಗಳಿಗೆ ಫೋಕಸ್ ಮಾಡಿ ಹಲವು ಚಿತ್ರ ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನಷ್ಟೇ ಆರಿಸಿ ಕಂಪ್ಯೂಟರಿನಲ್ಲಿ ಒಂದಾಗಿಸುವ ಫೋಕಸ್ ಸ್ಟ್ಯಾಕಿಂಗ್ ವಿಧಾನ ಬಂದಿದೆ. ಎಚ್ಓ ಸ್ಕೇಲಿನಲ್ಲಿ ಪ್ಲಾಟ್‌ಫಾರಂ ಮೇಲೆ ನಿಂತ ಮನುಷ್ಯನ ಕಣ್ಣಿನ ಎತ್ತರ ಸುಮಾರು 18 ಮಿ.ಮೀ. ಮಾತ್ರ, ಕ್ಯಾಮೆರಾವನ್ನು ಆ ಮಟ್ಟಕ್ಕೆ ಇಳಿಸಿದಾಗ ಚಿತ್ರಕ್ಕೆ ಬರುವ ನೈಜತೆ ಮೇಲಿನಿಂದ ಬಗ್ಗಿ ತೆಗೆದ ಚಿತ್ರಕ್ಕೆ ಬರುವುದಿಲ್ಲ. ಮುಗಿದ ಮಾದರಿಯ ಅಂದದ ಚಿತ್ರದಷ್ಟೇ ಕಟ್ಟುತ್ತಿರುವ ಹಂತಗಳ ಚಿತ್ರಗಳೂ ಅಗತ್ಯ. ಅಂಟು ಹಚ್ಚಿದ ಮೇಲೆ ಆ ಹಂತ ಮರಳಿ ಬರುವುದಿಲ್ಲವಾದ್ದರಿಂದ, ಲೇಖಕನಾಗಬೇಕೆಂದಿರುವವನು ಕಟ್ಟುವ ಮೊದಲ ದಿನದಿಂದಲೇ ಕ್ಯಾಮೆರಾವನ್ನು ಕೈಯೆಟುಕಿಗೆ ಇಟ್ಟುಕೊಂಡಿರಬೇಕು.

ನಕ್ಷೆಯನ್ನು ಲೇಖಕನು ಅಳತೆ ನಮೂದಿಸಿ ಪೆನ್ಸಿಲಿನಲ್ಲಿ ಬರೆದುಕೊಟ್ಟರೆ ಸಾಕು, ದೊಡ್ಡ ಪತ್ರಿಕೆಗಳ ಚಿತ್ರಕಾರರು ಅದನ್ನು ಹೊಸದಾಗಿ ಬಿಡಿಸಿಕೊಳ್ಳುತ್ತಾರೆ. ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳುಹಿಸಬಾರದು, ಬೇರೆಯವರ ಹಳೆಯ ಚಿತ್ರವನ್ನು ಒಪ್ಪಿಗೆಯಿಲ್ಲದೆ ಸೇರಿಸಬಾರದು ಎಂಬವು ಎಲ್ಲೆಡೆಯ ನಿಯಮಗಳು. ಸಂಭಾವನೆಯನ್ನು ಕೆಲವರು ಲೇಖನ ಒಪ್ಪಿದಾಗ, ಕೆಲವರು ಅಚ್ಚಾದಾಗ ಕೊಡುತ್ತಾರೆ. ಹೆಚ್ಚಿನ ಹವ್ಯಾಸಿಗಳಿಗೆ ಅದು ಮುಂದಿನ ಎಂಜಿನ್ನಿನ ಖರ್ಚಿಗೆ ಆದರೆ ಹೆಚ್ಚು. ಒಪ್ಪಿಗೆಯಾದ ಲೇಖನ ಅಚ್ಚಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುವುದುಂಟು, ಏಕೆಂದರೆ ಸಂಪಾದಕರು ಕಟ್ಟಡ, ಎಂಜಿನ್, ಭೂದೃಶ್ಯ, ವಿದ್ಯುತ್ ಎಂಬ ವಿಷಯಗಳನ್ನು ಪ್ರತಿ ಸಂಚಿಕೆಯಲ್ಲೂ ಹದವಾಗಿ ಬೆರೆಸಬೇಕಾಗುತ್ತದೆ. ಈ ನಿರೀಕ್ಷೆಯಲ್ಲಿ ಬೇಸತ್ತು ಬರೆಯುವುದನ್ನೇ ಬಿಟ್ಟವರಿದ್ದಾರೆ. ಅದು ಹವ್ಯಾಸಕ್ಕೆ ಆದ ನಷ್ಟ.

ವಿದ್ಯುತ್ ವಿಷಯದ ಲೇಖನಗಳು ಪ್ರತ್ಯೇಕವಾಗಿ ಹೇಳಬೇಕಾದವು, ಏಕೆಂದರೆ ಅಲ್ಲಿ ಹವ್ಯಾಸಿಗಳು ಉದ್ಯಮಕ್ಕಿಂತ ಮುಂದಿದ್ದರು. ಹಳಿಗೆ ಕೊಟ್ಟ ವಿದ್ಯುತ್ತು ಅದರ ಮೇಲಿರುವ ಎಲ್ಲ ಎಂಜಿನ್ನುಗಳನ್ನೂ ಒಟ್ಟಿಗೇ ಓಡಿಸುತ್ತದೆ ಎಂಬುದು ಹಳೆಯ ತೊಡಕು. 1979ರ ಕೊನೆಯಲ್ಲಿ ‘ಮಾಡೆಲ್ ರೈಲ್‌ರೋಡರ್’ನಲ್ಲಿ ಆರಂಭವಾದ ಸಿಟಿಸಿ-16 ಎಂಬ ಲೇಖನಮಾಲೆ, ಒಂದೇ ಹಳಿಯ ಮೇಲೆ 16 ಎಂಜಿನ್ನುಗಳನ್ನು ಬೇರೆ ಬೇರೆಯಾಗಿ ನಡೆಸುವ ಸಾಧನವನ್ನು ಓದುಗರೇ ಮನೆಯಲ್ಲಿ ಜೋಡಿಸಿಕೊಳ್ಳಲು ಕಲಿಸಿತು. 1985ರಿಂದ ಬ್ರೂಸ್ ಚಬ್ ಬರೆದ ಮಾಲೆ, ಮನೆಯ ಕಂಪ್ಯೂಟರಿಗೆ ಸಿಗ್ನಲ್ ಮತ್ತು ಪಾಯಿಂಟ್ಸ್‌ಗಳನ್ನು ಜೋಡಿಸುವ ವಿದ್ಯೆಯನ್ನು ಬೋಲ್ಟು ನಟ್ಟುಗಳ ಮಟ್ಟದವರೆಗೆ ಬಿಡಿಸಿ ಹೇಳಿತು.

ಬರೆಯುವುದನ್ನು ಹವ್ಯಾಸದ ಅಂಗವೆಂದೇ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಒಪ್ಪಿಕೊಂಡಿದೆ. ಅದರ ಅತ್ಯುನ್ನತ ಗೌರವವಾದ ಮಾಸ್ಟರ್ ಮಾಡೆಲ್ ರೈಲ್‌ರೋಡರ್ ಎಂಬ ಪದವಿಗೆ 11 ವಿಭಾಗಗಳಲ್ಲಿ ಏಳರಲ್ಲಿ ಅರ್ಹತಾಪತ್ರ ಪಡೆಯಬೇಕು. ಎಂಜಿನ್, ಡಬ್ಬಿ, ಕಟ್ಟಡ, ಭೂದೃಶ್ಯಗಳ ಜೊತೆಗೆ ಲೇಖಕ ಎಂಬುದೂ ಆ ಹನ್ನೊಂದರಲ್ಲಿ ಒಂದು. ಆದರೆ ಲೇಖನಗಳನ್ನು ಹೊರತರುವ ಪತ್ರಿಕೆಗಳ ಸ್ಥಿತಿ ಮೊದಲಿನಂತಿಲ್ಲ. ‘ರೈಲ್‌ರೋಡ್ ಮಾಡೆಲ್ ಕ್ರಾಫ್ಟ್ಸ್‌ಮನ್’ನ ಪ್ರಕಾಶಕರಾದ ಕಾರ್‌ಸ್ಟೆನ್ಸ್ ಸಂಸ್ಥೆ 2014ರಲ್ಲಿ ಮುಚ್ಚಿತು, ಪತ್ರಿಕೆ ಮಾತ್ರ ಬೇರೊಬ್ಬ ಪ್ರಕಾಶಕರ ಕೈಯಲ್ಲಿ ಬದುಕಿಕೊಂಡಿತು. ತೊಂಬತ್ತು ವರ್ಷ ಒಂದೇ ಮನೆತನದ ಹೆಸರಿನಲ್ಲಿದ್ದ ‘ಮಾಡೆಲ್ ರೈಲ್‌ರೋಡರ್’ 2024ರಲ್ಲಿ ಫೈರ್‌ಕ್ರೌನ್ ಎಂಬ ಸಂಸ್ಥೆಗೆ ಮಾರಾಟವಾಯಿತು. ಕಾಗದವಿಲ್ಲದೆ ಹೊರಬರುವ ‘ಮಾಡೆಲ್ ರೈಲ್‌ರೋಡ್ ಹಾಬಿಯಿಸ್ಟ್’ 2009ರಿಂದ ನಡೆಯುತ್ತಿದೆ, ಅದರಲ್ಲಿ ಬರೆಯುವವರೂ ಹವ್ಯಾಸಿಗಳೇ.

ಭಾರತದಲ್ಲಿ ಈ ಹವ್ಯಾಸ ಕಡಿಮೆಯೇ ಆದರೂ ಇಲ್ಲವೆನ್ನುವಂತಿಲ್ಲ. ಪುಣೆಯಲ್ಲಿ ಭಾವೂಸಾಹೇಬ ಜೋಶಿ ಕಟ್ಟಿದ ಕಿರುರೈಲುಗಳ ಸಂಗ್ರಹಾಲಯ 1998ರಿಂದ ಸಾರ್ವಜನಿಕರಿಗೆ ತೆರೆದಿದೆ. ಇಲ್ಲಿನ ಹವ್ಯಾಸಿಗೆ ಎದುರಾಗುವ ಪ್ರಶ್ನೆಗಳಿಗೆ ವಿದೇಶಿ ಪತ್ರಿಕೆಗಳಲ್ಲಿ ಸಿದ್ಧ ಉತ್ತರ ಸಿಗುವುದಿಲ್ಲ. ಭಾರತದ ಬ್ರಾಡ್‌ಗೇಜ್ 1676 ಮಿ.ಮೀ. ಅಗಲವಿರುವುದರಿಂದ 1:87ರಲ್ಲಿ ಅದು 19.3 ಮಿ.ಮೀ. ಆಗಬೇಕು, ಅಂಗಡಿಯಲ್ಲಿ ಸಿಗುವ 16.5 ಮಿ.ಮೀ. ಹಳಿಯ ಮೇಲೆ ಭಾರತದ ಎಂಜಿನ್ ನಿಲ್ಲಿಸಿದರೆ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಬ್ರಿಟನ್ನಿನವರಿಗೂ ಇಂಥದೇ ತೊಡಕಿತ್ತು: ಅಲ್ಲಿ ರೂಢಿಯಲ್ಲಿರುವ 1:76 ಸ್ಕೇಲಿಗೆ 18.83 ಮಿ.ಮೀ. ಹಳಿ ಬೇಕಿದ್ದರೂ ಬಳಕೆಗೆ ಬಂದದ್ದು 16.5 ಮಿ.ಮೀ., ಆ ವ್ಯತ್ಯಾಸವನ್ನು ಸರಿಪಡಿಸುವ ಚರ್ಚೆ ಪತ್ರಿಕೆಗಳಲ್ಲಿ ದಶಕಗಳ ಕಾಲ ನಡೆದು, ನಿಖರವಾದ ಹಳಿ ಹಾಸುವ ಪಂಥವೇ ಹುಟ್ಟಿತು. ಜಾಗದ ತೊಡಕಿಗೆ ಕರ್ನಾಟಕದ್ದೇ ಒಂದು ಉದಾಹರಣೆ ನೋಡಬಹುದು: ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿಯ ಏರು 50ಕ್ಕೆ 1, ಅಂದರೆ ನೂರಕ್ಕೆ ಎರಡು. ಮಾದರಿ ಮಾರ್ಗಗಳಿಗೆ ಸಾಮಾನ್ಯವಾಗಿ ಸೂಚಿಸುವ ಗರಿಷ್ಠ ಏರಿನ ಆಸುಪಾಸಿನಲ್ಲಿಯೇ ಅದಿದೆ. ಆದರೆ ಸುಮಾರು 55 ಕಿ.ಮೀ. ಉದ್ದದ ಆ ಮಾರ್ಗ ಎಚ್ಓ ಸ್ಕೇಲಿನಲ್ಲೂ 630 ಮೀಟರ್ ದಾಟುತ್ತದೆ. ಆದ್ದರಿಂದ 57 ಸುರಂಗಗಳಲ್ಲಿ ಯಾವ ಮೂರನ್ನು ಉಳಿಸಿಕೊಂಡರೆ ಘಾಟಿಯ ಸ್ವಭಾವ ಉಳಿಯುತ್ತದೆ ಎಂದು ಆರಿಸಬೇಕಾಗುತ್ತದೆ. ಆಯ್ದು ಕುಗ್ಗಿಸುವ ಈ ಕ್ರಮ ಮಾದರಿ ಕಟ್ಟುವವರ ಬಹುಮುಖ್ಯ ಕಲೆ, ಮತ್ತು ಅದರ ಬಗ್ಗೆ ಬರೆಯಲು ಈ ಘಾಟಿಗಿಂತ ಒಳ್ಳೆಯ ವಸ್ತು ಬೇರೆ ಬೇಕಿಲ್ಲ.

ಯಲಹಂಕದಿಂದ ಚಿಕ್ಕಬಳ್ಳಾಪುರ, ಕೋಲಾರಗಳ ಮೂಲಕ ಬಂಗಾರಪೇಟೆಗೆ ಹೋಗುತ್ತಿದ್ದ ನ್ಯಾರೋಗೇಜ್ ಮಾರ್ಗದ ಅಗಲ 762 ಮಿ.ಮೀ.; ಅದನ್ನು 1:87ಕ್ಕೆ ಇಳಿಸಿದರೆ 8.8 ಮಿ.ಮೀ., ಎಲ್ಲೆಡೆ ಸಿಗುವ ಎನ್ ಸ್ಕೇಲಿನ 9 ಮಿ.ಮೀ. ಹಳಿಗೆ ಹೆಚ್ಚುಕಡಿಮೆ ಸಮ. ಅಂದರೆ ಹಳೆ ಮೈಸೂರು ಸೀಮೆಯ ಈ ಪುಟ್ಟ ರೈಲನ್ನು ಸಿದ್ಧ ಹಳಿಯ ಮೇಲೆಯೇ ಮೇಜಿಗೆ ತರಬಹುದು. ಆ ನ್ಯಾರೋಗೇಜ್ ಈಗಿಲ್ಲ. ಬೆಂಗಳೂರು-ಮೈಸೂರು ನಡುವಿನ ಮೀಟರ್‌ಗೇಜೂ ಹೋಗಿದೆ. ಉಳಿದಿರುವುದು ನಂದಿ ಹಾಲ್ಟ್‌ನಂಥ ಪುಟ್ಟ ನಿಲ್ದಾಣಗಳು, 1979ರಲ್ಲಿ ತೆರೆದ ಮೈಸೂರಿನ ರೈಲ್ವೆ ಸಂಗ್ರಹಾಲಯದಲ್ಲಿರುವ ಎಂಜಿನ್ನುಗಳು ಮತ್ತು 1899ರ ಮಹಾರಾಣಿಯ ಸಲೂನ್ ಬೋಗಿ, ಹಾಗೂ ಆ ಮಾರ್ಗಗಳಲ್ಲಿ ಗಾರ್ಡ್, ಡ್ರೈವರ್, ಸ್ಟೇಷನ್ ಮಾಸ್ಟರ್ ಆಗಿದ್ದು ನಿವೃತ್ತರಾದವರ ನೆನಪು. ಅಳತೆಯ ಟೇಪು, ಕ್ಯಾಮೆರಾ ಮತ್ತು ನೋಟ್‌ಬುಕ್ ಹಿಡಿದು ಆ ಗೋಡೆಗಳ ಎತ್ತರ, ಕಿಟಕಿಗಳ ಅಗಲ, ಬೋಗಿಯ ಬಣ್ಣಗಳನ್ನು ಬರೆದುಕೊಳ್ಳುವವರು, ಹಿರಿಯ ರೈಲ್ವೆ ನೌಕರರಿಂದ ಅಂದಿನ ಷಂಟಿಂಗ್ ಕ್ರಮವನ್ನು ಕೇಳಿ ದಾಖಲಿಸುವವರು ಈಗಲೇ ಮುಂದೆ ಬರಬೇಕು. ಹಾಗೆ ಬರೆದುದನ್ನು ಅಳತೆಯ ನಕ್ಷೆಯೊಡನೆ ಅಚ್ಚು ಮಾಡಲು ಕನ್ನಡದ ನಿಯತಕಾಲಿಕಗಳೂ ನಾಲ್ಕು ಪುಟ ಬಿಟ್ಟುಕೊಡಲಿ.